ಹರಾಜಿನ ಕಾರು: ಯಾರ್ಡ್‌ಗೆ ಹೋಗಿ ನೋಡದೆ ಹಣ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಸಾಲದ ಕಂತು ಕಟ್ಟದವರಿಂದ ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ವಶಪಡಿಸಿಕೊಂಡ ಕಾರುಗಳನ್ನು ಈಗ ಹೆಚ್ಚಾಗಿ ಆನ್‌ಲೈನ್ ಹರಾಜಿನಲ್ಲೇ ಮಾರಲಾಗುತ್ತಿದೆ. ಮೂರು ದಶಕ ಬ್ಯಾಂಕಿನಲ್ಲಿ ದುಡಿದು, ಅದರಲ್ಲಿ ಕೆಲವು ವರ್ಷಗಳನ್ನು ವಸೂಲಾತಿ ವಿಭಾಗದಲ್ಲಿ ಕಳೆದ ನನಗೆ ಈ ವ್ಯವಹಾರದ ಒಳಹೊರಗು ಒಂದಿಷ್ಟು ಗೊತ್ತು. ಹಾಗಿದ್ದೂ ಕಳೆದ ವರ್ಷ ನನ್ನ ತಂಗಿಯ ಮಗ, ಬ್ಯಾಂಕ್ ಸೀಜ್ ಮಾಡಿದ ಕಾರು ಅರ್ಧ ಬೆಲೆಗೆ ಸಿಗುತ್ತದೆಂಬ ಜಾಹೀರಾತನ್ನು ಫೋನಿನಲ್ಲಿ ನೋಡಿ, ಮನೆಯಲ್ಲಿ ಯಾರಿಗೂ ಹೇಳದೆ ಹಣ ಕಳೆದುಕೊಂಡ. ಮೊದಲು ಹರಾಜಿನಲ್ಲಿ ಕೂಗಲು 5,000 ರೂಪಾಯಿ ಠೇವಣಿ ಕೇಳಿದರು. ಕೂಗು ನಿಮ್ಮದಾಯಿತು ಎಂಬ ಸಂದೇಶ ಬಂದ ಮೇಲೆ ಗೇಟ್ ಪಾಸಿಗೆ, ಆಮೇಲೆ ಲಾರಿ ಬಾಡಿಗೆಗೆ, ಕೊನೆಗೆ ಜಿಎಸ್‌ಟಿಗೆ ಎಂದು ಒಟ್ಟು 62,000 ರೂಪಾಯಿ ಕಟ್ಟಿಸಿಕೊಂಡರು. ಅವನಿಗೆ ಕಳಿಸಿದ್ದ ಕಾರಿನ ಚಿತ್ರಗಳೂ ಆರ್‌ಸಿ ಪ್ರತಿಯೂ ಅಸಲಿಯೇ. ಬೇರೆ ಊರಿನಲ್ಲಿ ಬೇರೆ ಯಾರೋ ಮಾರಾಟಕ್ಕಿಟ್ಟಿದ್ದ ಕಾರಿನಿಂದ ಎತ್ತಿಕೊಂಡವು, ಅಷ್ಟೆ. ವಾಹನ ಸಂಖ್ಯೆಯನ್ನು ಸರ್ಕಾರದ ವಾಹನ ಮಾಹಿತಿಯ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ ಎಲ್ಲವೂ ಸರಿಯಿದೆಯೆಂದು ಅವನು ನಂಬಿದ್ದಕ್ಕೆ ಕಾರಣವೂ ಅದೇ.

ಅವನನ್ನು ದಡ್ಡನೆಂದು ಬೈಯಲು ನನಗೆ ಮನಸ್ಸು ಬರಲಿಲ್ಲ. ಅಸಲಿ ಹರಾಜಿನಲ್ಲೂ ಮುಂಗಡ ಠೇವಣಿ ಇರುತ್ತದೆ, ಗೇಟ್ ಪಾಸ್ ಇರುತ್ತದೆ, ಗಡುವಿನೊಳಗೆ ಬಾಕಿ ಹಣ ಕಟ್ಟುವ ಒತ್ತಡವೂ ಇರುತ್ತದೆ. ವಂಚಕರು ಈ ಕ್ರಮವನ್ನೆಲ್ಲ ಚಾಚೂ ತಪ್ಪದೆ ನಕಲು ಮಾಡಿ, ಒಂದೇ ಒಂದು ಹೆಜ್ಜೆಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅದು ಕಾರನ್ನು ಕಣ್ಣಾರೆ ನೋಡುವುದು. ಬ್ಯಾಂಕಿನ ಹರಾಜು ಪ್ರಕಟಣೆಗಳಲ್ಲಿ ‘ಇದ್ದಲ್ಲಿ ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತು ಇರುತ್ತದೆ. ಕೊಂಡ ಮೇಲೆ ಎಂಜಿನ್ ಕೆಟ್ಟಿದೆ, ಗೇರ್ ಬೀಳುತ್ತಿಲ್ಲ ಎಂದು ದೂರುವ ಹಕ್ಕು ಕೊಂಡವನಿಗೆ ಹೆಚ್ಚುಕಡಿಮೆ ಇಲ್ಲವೆಂದೇ ಇದರ ಅರ್ಥ. ಆ ಕಾರಣಕ್ಕೇ ಅಸಲಿ ಪ್ರಕಟಣೆಯಲ್ಲಿ ಕಾರು ನಿಂತಿರುವ ಯಾರ್ಡ್‌ನ ವಿಳಾಸವೂ ಪರಿಶೀಲನೆಗೆ ದಿನ, ಹೊತ್ತುಗಳೂ ಇರುತ್ತವೆ. ಕಾರು ಸೇನಾ ನೆಲೆಯೊಳಗಿದೆ, ಒಳಗೆ ಬಿಡುವುದಿಲ್ಲ, ವರ್ಗಾವಣೆಯ ಅವಸರದಲ್ಲಿ ಕೊಡುತ್ತಿದ್ದೇವೆ, ವಿಡಿಯೊ ಕರೆಯಲ್ಲಿ ತೋರಿಸುತ್ತೇವೆ ಎಂಬ ಮಾತು ಬಂದರೆ ಅಲ್ಲಿಗೆ ಫೋನ್ ಇಡುವುದು ಒಳ್ಳೆಯದು.

ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದು ಇನ್ನೊಂದು ಸಂಗತಿ. ಹರಾಜಿನ ಠೇವಣಿ ಸಾಲ ಕೊಟ್ಟ ಸಂಸ್ಥೆಯ ಅಥವಾ ಹರಾಜು ನಡೆಸುವ ಕಂಪನಿಯ ಹೆಸರಿನ ಖಾತೆಗೇ ಹೋಗಬೇಕು. ‘ನಮ್ಮ ಅಧಿಕಾರಿ’ಯ ಸ್ವಂತ ಯುಪಿಐಗೆ ಹೋಗುವುದಕ್ಕೆ ಯಾವ ಸಬೂಬೂ ಇಲ್ಲ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲೂ ಹಣ ಕಳಿಸುವ ಮೊದಲೇ ಖಾತೆದಾರರ ಹೆಸರನ್ನು ನೋಡಿಕೊಳ್ಳುವ ಸೌಲಭ್ಯ ಬಂದಿದೆ. ಬ್ಯಾಂಕುಗಳ ಜಾಲತಾಣಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದೂ ಅದು ಆದೇಶಿಸಿತ್ತು. ಬ್ಯಾಂಕಿನದೇ ಹರಾಜು ಪುಟವೆಂದು ಹೇಳಿಕೊಂಡು ಬೇರೆ ವಿಳಾಸ ಕಾಣಿಸಿದರೆ ಹತ್ತಿರದ ಶಾಖೆಗೆ ಹೋಗಿ ಕೇಳಿ. ಹರಾಜಿನ ಲಿಂಕಿನ ಜೊತೆ ಬಂದ ಫೋನ್ ಸಂಖ್ಯೆಗೇ ಕರೆ ಮಾಡಿ ವಿಚಾರಿಸಿದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ.

ಹರಾಜು ಅಸಲಿಯಾದ ಮಾತ್ರಕ್ಕೆ ನೆಮ್ಮದಿಯಿಂದ ಇರುವಂತಿಲ್ಲ. ಹಳೆಯ ಮಾಲೀಕ ಮುನಿಸಿಕೊಂಡು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕದಿದ್ದರೆ, ಸಾಲ ಕೊಟ್ಟ ಸಂಸ್ಥೆಯು ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನಡಿ ಫಾರಂ 36 ಸಲ್ಲಿಸಿ, ಆರ್‌ಟಿಒ ಹಳೆಯ ಮಾಲೀಕನಿಗೆ ನೋಟಿಸ್ ಕೊಟ್ಟ ಬಳಿಕ, ಆರ್‌ಸಿಯನ್ನು ಮೊದಲು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಾಗುತ್ತದೆ. ಈ ಕೆಲಸ ಆಗಿದೆಯೇ, ಆಗಿಲ್ಲವಾದರೆ ಯಾರು ಮಾಡಿಸುತ್ತಾರೆ ಎಂಬುದನ್ನು ಕೂಗುವ ಮೊದಲೇ ಬರಹದಲ್ಲಿ ಪಡೆಯದವರು, ಹಣವೆಲ್ಲ ಕಟ್ಟಿಯೂ ತಿಂಗಳುಗಟ್ಟಲೆ ಕಾರನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಕೂರುವುದನ್ನು ನಾನು ನೋಡಿದ್ದೇನೆ. (ನಮ್ಮ ವಿಭಾಗದಲ್ಲೇ ಅಂಥ ಕಡತಗಳು ಧೂಳು ತಿನ್ನುತ್ತಿದ್ದವೆಂಬುದನ್ನು ಮುಚ್ಚಿಡುವುದಿಲ್ಲ.) ಸಂಚಾರ ದಂಡದ ಬಾಕಿ ಚಲನ್‌ಗಳನ್ನೂ ಆಗಲೇ ನೋಡಿಕೊಳ್ಳಬೇಕು. ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ದೆಹಲಿಯಲ್ಲಿ ನಿರ್ಬಂಧ ಬಂದ ಮೇಲೆ ಅಲ್ಲಿನ ಕಾರುಗಳು ಅಗ್ಗಕ್ಕೆ ಕಾಣುತ್ತವೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಿ ನೋಡಿ.

ನೀರಿನಲ್ಲಿ ಮುಳುಗಿದ ಕಾರುಗಳ ಕಥೆಯೇ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ, 2023ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ನೆರೆಗೆ ಸಿಕ್ಕ ಕಾರುಗಳನ್ನು ನೆನಪಿಸಿಕೊಳ್ಳಿ. ದುರಸ್ತಿಯ ವೆಚ್ಚ ವಿಮೆಯಲ್ಲಿ ಘೋಷಿಸಿದ ಕಾರಿನ ಮೌಲ್ಯದ ಶೇ 75ನ್ನು ಮೀರಿದರೆ ವಿಮಾ ಕಂಪನಿಗಳು ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತವೆ, ಅಂಥ ಕಾರುಗಳೂ ಹರಾಜಿಗೇ ಬರುತ್ತವೆ. ತೊಳೆದು ಪಾಲಿಶ್ ಮಾಡಿದ ಮೇಲೆ ಮೇಲ್ನೋಟಕ್ಕೆ ಏನೂ ತಿಳಿಯದು. ಸೀಟ್ ಬೆಲ್ಟನ್ನು ಪೂರ್ತಿ ಹೊರಕ್ಕೆ ಎಳೆದರೆ ತುದಿಯಲ್ಲಿ ಕೆಸರಿನ ಗೆರೆ ಕಂಡೀತು. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಮಣ್ಣಿದೆಯೇ, ಸೀಟಿನಡಿಯ ಬೋಲ್ಟ್‌ಗಳಿಗೆ ತುಕ್ಕು ಹತ್ತಿದೆಯೇ ಎಂದು ನೋಡಬೇಕು. ಪೂರ್ಣ ನಷ್ಟವಾದ ಕಾರಿನ ಆರ್‌ಸಿ ಮತ್ತು ಚಾಸಿ ನಂಬರನ್ನು ಕದ್ದ ಕಾರಿಗೆ ಅಂಟಿಸುವ ಜಾಲಗಳನ್ನೂ ಪೊಲೀಸರು ಪತ್ತೆ ಮಾಡಿದ್ದುಂಟು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಬಂದ ಅಚ್ಚನ್ನು ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಅನುಭವವಿರುವ ಮೆಕ್ಯಾನಿಕ್ ಜೊತೆಗಿದ್ದರೆ ಅವನ ಒಂದು ದಿನದ ಕೂಲಿ ದುಬಾರಿಯೆನಿಸದು.

ನನ್ನ ಸೋದರಳಿಯ ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದು, ಬಳಿಕ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ, ಎಟಿಎಂ ಮೂಲಕ ಹೊರಗೆ ಹೋಗಿತ್ತು. ಮೊದಲ ಕೆಲವು ಗಂಟೆಗಳಲ್ಲೇ ದೂರು ಹೋಗಿದ್ದರೆ ಹಣವನ್ನು ನಡುವೆ ತಡೆಹಿಡಿಯುವ ಅವಕಾಶವಿರುತ್ತಿತ್ತು.

ಸಾಲ ತೀರಿಸದವರ ಅಡವಿನ ಆಸ್ತಿಯನ್ನು ವಶಪಡಿಸಿಕೊಂಡು ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ರೂಪಿಸಿದ 2002ರ ನಿಯಮಗಳು, ಬಹಿರಂಗ ಹರಾಜಿನ ಪ್ರಕಟಣೆಯನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ, ಅದರಲ್ಲೂ ಒಂದು ಸ್ಥಳೀಯ ಭಾಷೆಯದರಲ್ಲಿ ಕೊಡಬೇಕೆನ್ನುತ್ತವೆ. ಆದರೆ ಕಾರುಗಳ ವಿಷಯದಲ್ಲಿ ಸಂಸ್ಥೆಗಳು ಹಲವು ಬಾರಿ ಸಾಲದ ಒಪ್ಪಂದದ ಬಲದ ಮೇಲೆಯೇ ಮಾರುವುದರಿಂದ ಇಂಥ ಪ್ರಕಟಣೆ ಓದುಗರ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಬ್ಯಾಂಕುಗಳೂ ಹರಾಜಿಗಿಟ್ಟ ವಾಹನಗಳ ಸಂಖ್ಯೆ, ಯಾರ್ಡ್‌ನ ವಿಳಾಸ ಮತ್ತು ಠೇವಣಿ ಖಾತೆಯ ಹೆಸರನ್ನು ಆಯಾ ಶಾಖೆಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಹಾಕಿದರೆ ಖರ್ಚೇನೂ ಬರುವುದಿಲ್ಲ. ತಮ್ಮ ಪತ್ರಿಕೆಯೂ ವರ್ಗೀಕೃತ ಜಾಹೀರಾತುಗಳಲ್ಲಿ ‘ಬ್ಯಾಂಕ್ ಹರಾಜಿನ ಕಾರು’ ಎಂದು ಪ್ರಕಟಿಸುವ ಮೊದಲು ಜಾಹೀರಾತುದಾರರಿಂದ ಆ ಸಂಸ್ಥೆಯ ಅಧಿಕಾರ ಪತ್ರವನ್ನು ಕೇಳಿ ಪಡೆಯಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ