ಕೋಟೆಗೆ ಫಲಕ ಇದೆ, ಕಿಟ್ಟದ ದಿಬ್ಬಕ್ಕೆ?

ಮಾನ್ಯ ಸಂಪಾದಕರೇ,

ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಚಾರಣದ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಕೋಟೆ, ಬುರುಜು, ಮೇಲಿಂದ ಕಾಣುವ ನೋಟ ಎಲ್ಲ ಸರಿ. ಆದರೆ ಅಲ್ಲಿ ಒಂದು ಕಾಲಕ್ಕೆ ಉಕ್ಕು ಮಾಡುತ್ತಿದ್ದರು ಅನ್ನುವ ಮಾತೇ ಇಲ್ಲವಲ್ಲ!

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಡೆ ಬಂದಿದ್ದ. 1807ರಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ಕೆಲಸವನ್ನು ಅಡುಗೆ ಹೇಳಿಕೊಟ್ಟ ಹಾಗೆ ಬರೆದಿದ್ದಾನೆ. ಮಣ್ಣಿನ ಮೂಸೆಗೆ ಒಂದು ತುಂಡು ಕಬ್ಬಿಣ, ಆಗಿನ ಮೂರು ರೂಪಾಯಿ ನಾಣ್ಯಗಳ ತೂಕದ ತಂಗಡಿ ಕಡ್ಡಿ, ಎರಡು ಹಸಿ ಎಲೆ. ಬಾಯಿ ಮುಚ್ಚಿ ಇದ್ದಿಲ ಬೆಂಕಿಗೆ ಇಡುವುದು. ತಂಗಡಿ ಅಂದರೆ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುತ್ತಲ್ಲ, ಅದೇ ಆವರಿಕೆ. ಕಡ್ಡಿ ಒಳಗೇ ಸುಟ್ಟು ಇದ್ದಿಲಾಗಿ, ಅದರ ಇಂಗಾಲ ಹೀರಿಕೊಂಡ ಕಬ್ಬಿಣ ಕರಗಿ ಉಕ್ಕಾಗುತ್ತಿತ್ತು. ಇಂಥ ಉಕ್ಕಿಗೆ ಇಂಗ್ಲಿಷಿನಲ್ಲಿರುವ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದು ಅನ್ನುತ್ತಾರೆ. ಗೊಂಬೆಗೆ ಹೆಸರಾದ ಚನ್ನಪಟ್ಟಣದಲ್ಲಿ ಆಗ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು. ದೂರದೂರದ ಊರುಗಳಿಗೆ ಅದು ಹೋಗುತ್ತಿತ್ತು.

ಕಾರ್ಖಾನೆ ಕಟ್ಟಡ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ನೆಲದಲ್ಲಿ ತೋಡಿದ ಒಲೆ, ತಿದಿ ಒತ್ತುವವನಿಗೆ ಝಳ ತಾಗದಂತೆ ಒಂದು ಮಣ್ಣಿನ ಗೋಡೆ, ಅಷ್ಟೇ. ಕೆಲಸ ನಿಂತ ಮೇಲೆ ನಾಲ್ಕು ಮಳೆ ಸಾಕು ಅದು ಕರಗಲು. ಉಳಿಯುವುದು ಕಿಟ್ಟ ಮಾತ್ರ. ಹಳ್ಳದ ಕಪ್ಪು ಮರಳನ್ನು ಕಾಸಿ ಕಬ್ಬಿಣ ತೆಗೆಯುವಾಗ ಹರಿದು ಬಿದ್ದು ದಿಬ್ಬವಾದ ಕಸ ಅದು.

ನಮ್ಮಜ್ಜಿಯ ಊರು ಮಧುಗಿರಿ ಕಡೆ. ಅಲ್ಲಿನ ಬದುವಿನಲ್ಲಿ ಸಿಕ್ಕ ಕಿಟ್ಟದ ಉಂಡೆಯೊಂದು ಈಗ ನನ್ನ ಮೇಜಿನ ಮೇಲಿದೆ. ಒಂದು ಮಗ್ಗುಲು ಬೆಲ್ಲದ ಪಾಕ ಹರಿದು ಗಟ್ಟಿಯಾದ ಹಾಗೆ ನುಣುಪು, ಇನ್ನೊಂದು ಮಗ್ಗುಲು ದೋಸೆಯ ಹಾಗೆ ತೂತು ತೂತು. ಮನೆಗೆ ಬಂದವರೆಲ್ಲ ಸುಮ್ನೆ ಎತ್ತಿ ನೋಡಿ, ಭಾರಕ್ಕೆ ಬೆಚ್ಚಿ ಕೆಳಗಿಡುತ್ತಾರೆ.

ಕೋಟೆ ಬಾಗಿಲಿಗೆ ಫಲಕ ಹಾಕುವವರು ಇಂಥ ಕಿಟ್ಟದ ದಿಬ್ಬಗಳನ್ನೂ ಗುರುತಿಸಿ ಒಂದೊಂದು ಫಲಕ, ಸುತ್ತ ನಾಲ್ಕು ಕಲ್ಲುಕಂಬ ನಿಲ್ಲಿಸಲಿ. ಜಾಸ್ತಿ ಖರ್ಚಿನ ಕೆಲಸ ಅಲ್ಲ. ಬುಕಾನನ್ ಪುಸ್ತಕದಲ್ಲಿ ಒಲೆಯ ಚಿತ್ರವೂ ಇದೆ, ಅದನ್ನೇ ಫಲಕಕ್ಕೆ ಹಾಕಬಹುದು. ಆದರೆ ಬೇಗ ಆಗಬೇಕು. ಯುಗಾದಿಗೆ ಊರಿಗೆ ಹೋದಾಗ ನಮ್ಮ ದಿಬ್ಬ ಅರ್ಧ ಖಾಲಿಯಾಗಿತ್ತು. ಹೊಲದ ದಾರಿಗೆ ತುಂಬಿದರಂತೆ. ‘ಕಲ್ಲು ಅಂದ್ಕೊಂಡ್ವಿ ಅಣ್ಣ, ಟ್ರಾಲಿ ಯಾಕೋ ಜಗ್ತಾನೇ ಇರ್ಲಿಲ್ಲ’ ಅಂದ ಟ್ರ್ಯಾಕ್ಟರ್ ಹುಡುಗ.

— ನಿಮ್ಮ ಓದುಗ, ರಾಜಾಜಿನಗರ, ಬೆಂಗಳೂರು