ಅಂಡಮಾನ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಂತೂ ಅಂಡಮಾನ್‌ಗೆ ಹೊರಟೆ ಅಲ್ವಾ! ನಿನ್ನ ಮೆಸೇಜ್ ನೋಡಿ ತುಂಬಾ ಖುಷಿಯಾಯಿತು. ದ್ವೀಪಗಳ ನಡುವೆ ಓಡುವ ಫೆರ್ರಿ ಹಡಗಿನ ಬಗ್ಗೆ ನೀನು ಕೇಳಿದ್ದನ್ನೇ ಇನ್ನೂ ಕೆಲವರು ಕೇಳುತ್ತಿದ್ದಾರೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಮೊದಲನೆಯದು, ಬೇಗ ಏಳು. ಅಷ್ಟು ಪೂರ್ವದಲ್ಲಿದ್ದರೂ ಅಲ್ಲಿ ನಡೆಯುವುದು ನಮ್ಮ ಗಡಿಯಾರವೇ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಹ್ಯಾವ್ಲಾಕ್ ದ್ವೀಪದ ರಾಧಾನಗರ ಬೀಚ್‌ನಲ್ಲಿ ಸೂರ್ಯಾಸ್ತ ನೋಡಬೇಕಾದರೆ ಮೂರೂವರೆಗೇ ಅಲ್ಲಿರು. ಊರ ಹೆಸರುಗಳು ಬದಲಾಗಿವೆ, ಗಾಬರಿಯಾಗಬೇಡ. 2018ರಿಂದ ಹ್ಯಾವ್ಲಾಕ್ ಅಂದರೆ ಸ್ವರಾಜ್ ದ್ವೀಪ, ನೀಲ್ ಅಂದರೆ ಶಹೀದ್ ದ್ವೀಪ. ನೀನು ವಿಮಾನ ಇಳಿಯುವ ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು.

ಫೆರ್ರಿ ಟಿಕೆಟ್ ಮೊದಲೇ ಮಾಡಿಸು. ಸಮುದ್ರ ಕೆಟ್ಟರೆ ಫೆರ್ರಿ ಬಿಡುವುದೇ ಇಲ್ಲ. ಹಾಗಾಗಿ ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರು, ಬೇರೆ ದ್ವೀಪದಲ್ಲಿ ಸಿಕ್ಕಿಹಾಕಿಕೊಳ್ಳಬೇಡ. ಸ್ಕೂಬಾ, ಅಂದರೆ ಗಾಳಿ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಮುಳುಗುವುದು, ಮಾಡಿದರೆ ವಿಮಾನ ಹತ್ತಲು ಒಂದಿಡೀ ದಿನ ಬಿಡು, ಅವಸರ ಮಾಡಿದರೆ ಮೈಗೇ ಅಪಾಯ. ಹವಳದ ಮೇಲೆ ಕಾಲಿಡಬೇಡ, ಅದು ಜೀವ. ದಡದಲ್ಲಿ ಬಿದ್ದಿರುವ ಚೂರನ್ನೂ ಬ್ಯಾಗಿಗೆ ಹಾಕಬೇಡ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಮೊಸಳೆ ಬೋರ್ಡ್ ಇರುವ ಕಡೆ ನೀರಿಗಿಳಿಯಲೇಬೇಡ.

ಸೆಲ್ಯುಲಾರ್ ಜೈಲಿಗೆ ಅರ್ಧ ದಿನ ಇಟ್ಟುಕೋ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜೈಲು ಅದು, 1906ರಲ್ಲಿ ಕಟ್ಟಿ ಮುಗಿಸಿದ್ದು. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರೇ. ಒಂದು ಸಾಲಿನ ಕೋಣೆಗಳ ಮುಂಭಾಗಕ್ಕೆ ಇನ್ನೊಂದು ಸಾಲಿನ ಬೆನ್ನು ಬರುವ ಹಾಗೆ ಕಟ್ಟಿದ್ದಾರೆ. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದು ಅಂತ. ಆ ವರಾಂಡದಲ್ಲಿ ಸುಮ್ನೆ ಸ್ವಲ್ಪ ಹೊತ್ತು ನಿಲ್ಲು.

ಈಗ ಬಾರಾಟಾಂಗ್ ದ್ವೀಪ. ಸುಣ್ಣಕಲ್ಲಿನ ಗುಹೆ, ಮ್ಯಾಂಗ್ರೋವ್ ನಡುವಿನ ದೋಣಿ, ಎರಡೂ ಚಂದ. ಆದರೆ ರಸ್ತೆಯಲ್ಲಿ ಹೋದರೆ ಜಾರವಾ ಎಂಬ ಆದಿವಾಸಿ ಜನರ ಕಾಡನ್ನು ಸೀಳಿಕೊಂಡು ಹೋಗಬೇಕು. ಕಾಡಿನ ಅಂಚಿನ ಜಿರ್ಕಾಟಾಂಗ್‌ನಲ್ಲಿ ಗಾಡಿಗಳನ್ನೆಲ್ಲ ಸೇರಿಸಿ ಪೊಲೀಸ್ ಕಾವಲಿನಲ್ಲಿ ಒಟ್ಟಿಗೆ ಬಿಡುತ್ತಾರೆ. ದಾರಿಯಲ್ಲಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಿನ್ನಲು ಏನನ್ನೂ ಕೊಡುವಂತಿಲ್ಲ. ನಾನು ಹೋದಾಗ, ಇದೆಲ್ಲ ಗೊತ್ತಿದ್ದೂ, ಜಾರವಾ ಜನ ಕಾಣುತ್ತಾರೇನೋ ಅಂತ ನಮ್ಮ ಗಾಡಿಯಲ್ಲಿ ಎಲ್ಲರ ಕಣ್ಣೂ ಕಿಟಕಿಯಾಚೆಗೇ. ಯಾರೂ ಕಾಣಲಿಲ್ಲ. ಕಾಡು ಮುಗಿದಾಗ ಒಬ್ಬರು 'ಛೇ' ಅಂದರು. ನನ್ನ ಮನಸ್ಸೂ ಅದನ್ನೇ ಅಂದಿತು ಕಣೋ. ಆ ನಿರಾಶೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಒಬ್ಬ ಮನುಷ್ಯ ತನ್ನ ಮನೆಯಂಗಳದಲ್ಲಿ ಕಾಣಲಿಲ್ಲ ಅಂತ ನನಗೆ ಯಾಕೆ ಬೇಜಾರಾಗಬೇಕು? ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ. ಯಾರಿಗೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಿಲ್ಲ.

ವಾಪಸ್ ಬಂದ ಮೇಲೆ ಓದಿದೆ. ಜಾರವಾ ಜನ ಹೊರಗಿನವರ ಜೊತೆ ಹಗೆ ಬಿಟ್ಟು ಕಾಡಿನಿಂದ ಬರತೊಡಗಿದ್ದು 1998ರ ಆಸುಪಾಸಿನಲ್ಲಿ. 1999ರಲ್ಲೇ ಅವರಿಗೆ ದಡಾರ ಬಂತು. ಅವರು ಇರುವುದೇ ಕೆಲವು ನೂರು ಜನ. ಮೀಸಲು ಕಾಡಿನೊಳಗಿನ ಆ ರಸ್ತೆಯನ್ನು ಮುಚ್ಚಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಆದರೂ ಆ ರಸ್ತೆಯಲ್ಲಿ ಗಾಡಿಗಳು ಓಡುತ್ತಲೇ ಬಂದಿವೆ.

ನೀನು ಆ ರಸ್ತೆಯಲ್ಲಿ ಹೋಗಬೇಡ ಅಂತ ಕೇಳಿಕೊಳ್ಳುತ್ತೇನೆ. ಆ ದಿನವನ್ನು ನೀಲ್‌ಗೆ ಕೊಡು. ಅಲ್ಲಿ ಲಕ್ಷ್ಮಣಪುರದ ಹತ್ತಿರ ಸಮುದ್ರವೇ ಕೊರೆದ ಕಲ್ಲಿನ ಸೇತುವೆ ಇದೆ. ನೀರು ಇಳಿದಾಗ ಹೋಗು, ಇಳಿತದ ಸಮಯವನ್ನು ಹಿಂದಿನ ದಿನವೇ ಕೇಳಿಟ್ಟುಕೋ.

ಅಯ್ಯೋ, ನೀನು ಕೇಳಿದ್ದು ಫೆರ್ರಿ ವಿಷಯ, ನಾನು ಎಲ್ಲಿಗೋ ಹೋದೆ. ವಾಂತಿ ಬಾರದಿರುವ ಮಾತ್ರೆಯನ್ನು ಫೆರ್ರಿ ಹತ್ತುವ ಮೊದಲೇ ನುಂಗು. ಟೋಪಿ ತಗೋ, ಆದರೆ ಆ ಟೋಪಿ ಬೇಡ, ಯಾವುದು ಅಂತ ನಿನಗೆ ಗೊತ್ತು. ಹ್ಯಾವ್ಲಾಕ್‌ನಲ್ಲಿ ಎಟಿಎಂ ಕಡಿಮೆ, ನಗದು ಜಾಸ್ತಿ ಇರಲಿ. ಟಿಕೆಟ್ ಆದ ತಕ್ಷಣ ತಾರೀಖು ಕಳಿಸು, ಎಲ್ಲಿ ಎಷ್ಟು ದಿನ ಇರಬಹುದು ಅಂತ ಕೂತು ನೋಡೋಣ.

ನಿನ್ನ,
ಗೆಳೆಯ