ತ್ರಿಯೇಕ ದೇವರು: ನೀರು–ಮಂಜುಗಡ್ಡೆಯ ಹೋಲಿಕೆ ಬೇಡ

ಸಂಪಾದಕರಿಗೆ,

ಮಾನ್ಯರೇ,

ಕ್ರೈಸ್ತ ನಂಬಿಕೆಯನ್ನು ಪರಿಚಯಿಸುವ ಪತ್ರಿಕಾ ಲೇಖನಗಳು ತ್ರಿಯೇಕ ದೇವರ, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿರುವ ಒಬ್ಬನೇ ದೇವರ, ವಿಷಯಕ್ಕೆ ಬಂದೊಡನೆ ಎಡವುತ್ತವೆ. ಕೆಲವು ‘ಕ್ರೈಸ್ತರಿಗೆ ಮೂವರು ದೇವರು’ ಎಂದು ಬರೆದುಬಿಡುತ್ತವೆ. ಉಳಿದವು ‘ನೀರು, ಮಂಜುಗಡ್ಡೆ, ಆವಿ ಇದ್ದಂತೆ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತವೆ. ಮೊದಲನೆಯದು ತಪ್ಪೆಂದು ತಿಳಿಸಿದರೆ ತಿದ್ದಿಕೊಳ್ಳುವವರಿದ್ದಾರೆ. ಎರಡನೆಯದನ್ನು ಪ್ರಸಂಗಪೀಠದಲ್ಲಿ ನಿಂತು ಹೇಳುವವರೂ ಇರುವುದರಿಂದ ಅದು ಸರಿಯೆಂದೇ ಚಲಾವಣೆಯಲ್ಲಿದೆ.

ನೀರಿನ ಹೋಲಿಕೆಯಲ್ಲಿ ಒಂದೇ ವಸ್ತು ಸರದಿಯ ಮೇಲೆ ಮೂರು ರೂಪ ತಾಳುತ್ತದೆ. ಗಡ್ಡೆಯಾಗಿದ್ದಾಗ ಅದು ಆವಿಯಲ್ಲ. ದೇವರು ಒಬ್ಬನೇ ವ್ಯಕ್ತಿ, ತಂದೆ, ಮಗ, ಪವಿತ್ರಾತ್ಮ ಎಂಬುವು ಆತ ಹಾಕಿದ ಮೂರು ವೇಷ ಎಂದಂತಾಯಿತು. 3ನೇ ಶತಮಾನದಲ್ಲಿ ಸಬೆಲ್ಲಿಯಸ್ ಎಂಬ ಬೋಧಕನ ಹೆಸರಿಗೆ ಅಂಟಿಕೊಂಡ ಬೋಧೆ ಇದೇ. ಕ್ರೈಸ್ತ ಸಭೆ (ಚರ್ಚ್) ಅದನ್ನು ಆಗಲೇ ತಳ್ಳಿಹಾಕಿತು. ಏಕೆಂದು ತಿಳಿಯಲು ಬೈಬಲಿನ ಮತ್ತಾಯ 3:16–17 ಸಾಕು. ಯೇಸು ದೀಕ್ಷಾಸ್ನಾನ ಪಡೆದು ನೀರಿನಿಂದ ಮೇಲೆ ಬರುತ್ತಾನೆ, ಆತ್ಮನು ಪಾರಿವಾಳದಂತೆ ಇಳಿಯುತ್ತಾನೆ, ‘ನನ್ನ ಪ್ರಿಯ ಮಗ’ ಎನ್ನುವ ತಂದೆಯ ದನಿ ಆಕಾಶದಿಂದ ಕೇಳಿಬರುತ್ತದೆ. ಮೂವರೂ ಒಂದೇ ಗಳಿಗೆಯಲ್ಲಿ. ಯೋಹಾನನ ಸುವಾರ್ತೆಯ 17ನೇ ಅಧ್ಯಾಯವಂತೂ ಪೂರ್ತಿ ಮಗನು ತಂದೆಗೆ ಮಾಡಿದ ಪ್ರಾರ್ಥನೆ. ವೇಷದ ಲೆಕ್ಕ ಹಿಡಿದರೆ ಅದು ತನ್ನಷ್ಟಕ್ಕೆ ತಾನೇ ಆಡಿಕೊಂಡ ಮಾತಾಗಿಬಿಡುತ್ತದೆ.

ವಿಜ್ಞಾನ ಓದಿದವರು ಇಲ್ಲೊಂದು ತಕರಾರು ಎತ್ತಬಹುದು: 0.01 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸುಮಾರು 611 ಪ್ಯಾಸ್ಕಲ್ ಒತ್ತಡದಲ್ಲಿ ಮೂರು ರೂಪಗಳೂ ಒಟ್ಟಿಗೆ ಇರುತ್ತವಲ್ಲ? ಇರುತ್ತವೆ. ಆದರೆ ಆಗ ಪಾತ್ರೆಯಲ್ಲಿರುವುದು ಒಂದಿಷ್ಟು ಗಡ್ಡೆ, ಒಂದಿಷ್ಟು ದ್ರವ, ಒಂದಿಷ್ಟು ಆವಿ. ವೇಷದ ತಪ್ಪು ಹೋಗಿ ಪಾಲಿನ ತಪ್ಪು ಬಂತು. ಮೊಟ್ಟೆಯ ಸಿಪ್ಪೆ, ಬಿಳಿ, ಹಳದಿಯ ಹೋಲಿಕೆ ಕೆಡುವುದೂ ಇಲ್ಲಿಯೇ. ತಂದೆ ದೇವರ ಮೂರನೆಯ ಒಂದು ಪಾಲಲ್ಲ, ಪೂರ್ಣ ದೇವರು. ಮಗನೂ ಹಾಗೆಯೇ, ಪವಿತ್ರಾತ್ಮನೂ ಹಾಗೆಯೇ.

ಸೂರ್ಯ ಮತ್ತು ಬೆಳಕಿನ ಹೋಲಿಕೆಗೆ ಮಾತ್ರ ಸ್ವಲ್ಪ ಮರ್ಯಾದೆ ಸಲ್ಲಬೇಕು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಸಮ್ಮೇಳನ ತನ್ನ ವಿಶ್ವಾಸಪ್ರಮಾಣದಲ್ಲಿ (ನಂಬಿಕೆಯ ಸಾರವನ್ನು ಹೇಳುವ ಅಧಿಕೃತ ಹೇಳಿಕೆಯಲ್ಲಿ) ‘ಬೆಳಕಿನಿಂದ ಬೆಳಕು’ ಎಂದೇ ಬರೆಯಿತು. ಬೆಳಕಿಲ್ಲದ ಸೂರ್ಯ ಎಂದೂ ಇರಲಿಲ್ಲ ಎಂಬುದು ಅದರ ತಿರುಳು. ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ‘ಮಗನು ಇಲ್ಲದಿದ್ದ ಕಾಲವೊಂದಿತ್ತು’ ಎಂದು ಬೋಧಿಸುತ್ತಿದ್ದುದಕ್ಕೆ ಇದು ಉತ್ತರ. ಕಿರಣವನ್ನು ಸೂರ್ಯನಿಗಿಂತ ಕೆಳದರ್ಜೆಯದೆಂದೋ, ಮಾತಾಡದ ಜಡವಸ್ತುವೆಂದೋ ಬೆಳೆಸಿದರೆ ಹೋಲಿಕೆ ಮತ್ತೆ ಅರಿಯಸನ ಕಡೆಗೇ ವಾಲುತ್ತದೆ.

ಅದೇ ವಿಶ್ವಾಸಪ್ರಮಾಣದಲ್ಲಿ ಮಗನ ಬಗ್ಗೆ ‘ಜನಿಸಿದವನು, ಉಂಟುಮಾಡಲ್ಪಟ್ಟವನಲ್ಲ’ ಎಂಬ ಮಾತಿದೆ. ಇದನ್ನು ದೈಹಿಕ ಜನನವೆಂದು ತಿಳಿದು ‘ದೇವರಿಗೆ ಹೆಂಡತಿ ಯಾರು’ ಎಂದು ಕೇಳುವವರಿದ್ದಾರೆ. ಕುಂಬಾರ ಮಾಡಿದ ಮಡಕೆ ಮಣ್ಣು. ಕುಂಬಾರನಿಗೆ ಹುಟ್ಟಿದ ಮಗ ಮನುಷ್ಯ. ‘ಜನಿಸಿದ’ ಎಂಬ ಪದ ಹೇಳಹೊರಟಿರುವುದು ಇಷ್ಟನ್ನೇ: ತಂದೆಯ ಸತ್ವವೇ ಮಗನದೂ. ಮೊದಲು–ಆಮೇಲೆ ಎಂಬ ಕಾಲಕ್ರಮಕ್ಕಾಗಲಿ ಶರೀರಕ್ಕಾಗಲಿ ಅಲ್ಲಿ ಎಡೆಯಿಲ್ಲ.

ಹಾಗಾದರೆ ಹೇಳುವುದು ಹೇಗೆ? ‘ಏನು’ ಮತ್ತು ‘ಯಾರು’ ಎಂಬ ಎರಡು ಪ್ರಶ್ನೆಗಳನ್ನು ಬೆರೆಸದಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ದೇವರು ಏನು ಎಂದರೆ ಒಂದೇ ಸತ್ವ. ಯಾರು ಎಂದರೆ ತಂದೆ, ಮಗ, ಪವಿತ್ರಾತ್ಮ. ಒಂದೇ ಎಂದದ್ದೂ ಮೂರು ಎಂದದ್ದೂ ಒಂದೇ ಸಂಗತಿಯ ಬಗ್ಗೆಯಲ್ಲ; ಆದ್ದರಿಂದ ‘1+1+1=3 ತಾನೆ’ ಎಂಬ ಆಕ್ಷೇಪ ಇಲ್ಲಿ ತಾಗುವುದಿಲ್ಲ. ಮೂವರ ನಡುವಿನ ಭೇದ ಸಂಬಂಧದ್ದು ಮಾತ್ರ: ತಂದೆ ಯಾರಿಂದಲೂ ಬಂದವನಲ್ಲ, ಮಗ ತಂದೆಯಿಂದ ಜನಿಸಿದವನು, ಪವಿತ್ರಾತ್ಮ ತಂದೆಯಿಂದ ಹೊರಡುವವನು. (‘ಮಗನಿಂದಲೂ’ ಎಂದು ಪಾಶ್ಚಾತ್ಯ ಸಭೆ ಸೇರಿಸಿದ ಪದದ ಬಗ್ಗೆ ಪೌರಸ್ತ್ಯ ಸಭೆಗಳ ತಕರಾರು ಇಂದಿಗೂ ಮುಗಿದಿಲ್ಲ.)

ಕನ್ನಡದಲ್ಲಿ ತೊಡಕು ಈ ಮೂವರಿಗೆ ಬಳಸುವ ‘ವ್ಯಕ್ತಿ’ ಎಂಬ ಪದದಲ್ಲಿದೆ. ಮೂವರು ವ್ಯಕ್ತಿಗಳು ಎಂದೊಡನೆ ಮೂರು ಬೇರೆ ಬೇರೆ ಜನ ಕಣ್ಣಿಗೆ ಕಟ್ಟುತ್ತಾರೆ. ಮೂವರು ಮನುಷ್ಯರಲ್ಲಿ ಮನುಷ್ಯತ್ವ ಒಂದೇ ಆದರೂ ಅವರು ಮೂವರೇ, ತಂದೆ, ಮಗ, ಆತ್ಮ ಮಾತ್ರ ಮೂವರು ದೇವರು ಏಕಲ್ಲ? 4ನೇ ಶತಮಾನದಲ್ಲೇ ನಿಸ್ಸಾದ ಬಿಷಪ್ ಗ್ರೆಗರಿ ಈ ಪ್ರಶ್ನೆಗೆ ಉತ್ತರ ಕೊಟ್ಟ. ಮನುಷ್ಯರು ಮೂವರಿದ್ದರೆ ಅವರವರ ಕೆಲಸ ಅವರವರದು. ದೇವರಲ್ಲಿ ಪ್ರತಿಯೊಂದು ಕಾರ್ಯವೂ ತಂದೆಯಿಂದ ಹೊರಟು, ಮಗನ ಮೂಲಕ ಸಾಗಿ, ಆತ್ಮನಲ್ಲಿ ಪೂರ್ಣಗೊಳ್ಳುವ ಒಂದೇ ಕಾರ್ಯ. ಆದ್ದರಿಂದಲೇ ತಂದೆಗೆ ಸೃಷ್ಟಿ, ಮಗನಿಗೆ ರಕ್ಷಣೆ, ಆತ್ಮನಿಗೆ ಪಾವನಗೊಳಿಸುವಿಕೆ ಎಂದು ಮಂತ್ರಿಗಳಿಗೆ ಖಾತೆ ಹಂಚಿದಂತೆ ಬರೆಯುವುದು ಸಲ್ಲದು. ಸೃಷ್ಟಿ ಮಗನ ಮೂಲಕವೇ ಆಯಿತೆಂದು ಯೋಹಾನ 1:3 ಹೇಳುತ್ತದೆ.

ಬೈಬಲಿನಲ್ಲಿ ‘ತ್ರಿಯೇಕ’ ಎಂಬ ಪದವಿಲ್ಲ ಎಂಬುದು ನಿಜ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಮತ್ತಾಯ 28:19ರಲ್ಲಿ ಮೂವರನ್ನು ಹೇಳಿ ‘ಹೆಸರುಗಳಲ್ಲಿ’ ಎನ್ನದೆ ‘ಹೆಸರಿನಲ್ಲಿ’ ಎಂದು ಏಕವಚನ ಬಳಸಿರುವುದನ್ನು ಗಮನಿಸಬೇಕು. 1 ಯೋಹಾನ 5:7ರಲ್ಲಿ ಕೆಲವು ಹಳೆಯ ಅನುವಾದಗಳು ಕೊಡುವ ‘ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು’ ಎಂಬ ಮಾತನ್ನು ಮಾತ್ರ ಪುರಾವೆಯಾಗಿ ಒಡ್ಡಬಾರದು. ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಅದಿಲ್ಲ. ವಿದ್ವಾಂಸ ಎರಾಸ್ಮಸ್ ತಾನು ಪ್ರಕಟಿಸಿದ ಗ್ರೀಕ್ ಹೊಸ ಒಡಂಬಡಿಕೆಯ 1516 ಮತ್ತು 1519ರ ಮುದ್ರಣಗಳಲ್ಲಿ ಬಿಟ್ಟು, 1522ರಲ್ಲಿ ಸೇರಿಸಿದ ಸಾಲು ಅದು.

ಕೊನೆಗೆ ಕರಡು ತಿದ್ದುವವರಲ್ಲಿ ಒಂದು ವಿನಂತಿ. ‘ಪವಿತ್ರಾತ್ಮವು ಇಳಿಯಿತು’ ಎಂದು ನಪುಂಸಕಲಿಂಗದಲ್ಲಿ ಅಚ್ಚಾದರೆ ಓದುಗರು ಅದನ್ನು ವಿದ್ಯುತ್ತಿನಂಥ ಒಂದು ಶಕ್ತಿಯೆಂದೇ ತಿಳಿಯುತ್ತಾರೆ. ಅಪೊಸ್ತಲರ ಕೃತ್ಯಗಳು 5:3–4ರಲ್ಲಿ ಪವಿತ್ರಾತ್ಮನಿಗೆ ಸುಳ್ಳಾಡಿದ್ದು ದೇವರಿಗೇ ಸುಳ್ಳಾಡಿದಂತೆ ಎಂದಿದೆ. ಎಫೆಸ 4:30ರಲ್ಲಿ ಆತನನ್ನು ದುಃಖಪಡಿಸಬೇಡಿ ಎಂದಿದೆ. ವಿದ್ಯುತ್ತಿಗೆ ಯಾರೂ ಸುಳ್ಳು ಹೇಳುವುದಿಲ್ಲ. ‘ಪವಿತ್ರಾತ್ಮನು ಇಳಿದನು’ ಎಂದೇ ಇರಲಿ.

– ದೈವಶಾಸ್ತ್ರ ಬೋಧಕರು